ಫ್ಯಾಂಟಸಿ ಆಟಕ್ಕೆ ಬ್ರಹ್ಮಾಂಡ ಕಟ್ಟುವಾಗ ಯಾವುದನ್ನು ಮೊದಲು ನಿರ್ಧರಿಸಬೇಕು?

ಅಂಚಿನೂರು:
ಹೊಸ ಕ್ಯಾಂಪೇನ್‌ಗೆ (ಹಲವು ಸೆಷನ್‌ಗಳಲ್ಲಿ ಮುಂದುವರಿಯುವ ಒಂದು ದೀರ್ಘ ಆಟ) ಲೋಕರಚನೆ ಬರೆಯುತ್ತಿದ್ದೇನೆ. ನಿಯಮಗಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ದಾಳ ಹಾಕಿ ಆಡುವ ಆಟ) ಐದನೇ ಆವೃತ್ತಿಯವು, 2014ರ ಪುಸ್ತಕ. ಪಾತ್ರಗಳು ಒಂದನೇ ಲೆವೆಲ್‌ನಿಂದ, ಅಂದರೆ ಶಕ್ತಿಯ ಮೊದಲ ಮೆಟ್ಟಿಲಿನಿಂದ ಶುರು. ಸದ್ಯಕ್ಕೆ ಕಾಗದದ ಮೇಲಿರುವುದು ಇಷ್ಟು: ಭೂಮಿ ಚಪ್ಪಟೆ ತಟ್ಟೆ, ಅಂಚಿನಿಂದ ಅಂಚಿಗೆ 6,000 ಕಿ.ಮೀ. ಎರಡು ಚಂದ್ರ. ಸುತ್ತ ಹನ್ನೆರಡು ಬೇರೆ ಲೋಕಗಳು, ಒಂದೊಂದಕ್ಕೂ ಒಬ್ಬ ದೇವತೆ. ಸತ್ತವರು ಹೋಗುವುದು ಮಬ್ಬುನಾಡಿಗೆ. ಯಕ್ಷರ ಲೋಕವೊಂದಿದೆ, ಅಲ್ಲಿ ಕಾಲ ಬೇರೆ ವೇಗದಲ್ಲಿ ಓಡುತ್ತದೆ. ಎರಡೂ ಚಂದ್ರರು ಮರೆಯಾದ ರಾತ್ರಿ ಲೋಕಗಳ ನಡುವೆ ಬಾಗಿಲು ತೆರೆಯುತ್ತದೆ.

ಸೃಷ್ಟಿಕಥೆ, ದೇವತೆಗಳ ವಂಶಾವಳಿ ಎಲ್ಲ ಸುಮಾರು ನಲವತ್ತು ಪುಟ ಆಗಿದೆ. ಆದರೆ ಮೊದಲ ಸೆಷನ್‌ಗೆ ಇದರಲ್ಲಿ ಯಾವುದು ಬೇಕು, ಯಾವುದು ಗಟ್ಟಿಯಾಗಿಲ್ಲದಿದ್ದರೆ ಮುಂದೆ ಕೈಕೊಡುತ್ತದೆ ಎಂಬುದು ಸ್ಪಷ್ಟವಾಗುತ್ತಿಲ್ಲ. ಬಲ್ಲವರು ಹೇಳಿ.

ಕಥಾಸಂಚಿ:
ಸೃಷ್ಟಿಕಥೆಯನ್ನು ಪಕ್ಕಕ್ಕಿಡಿ. ಸಾವಿನಿಂದ ಶುರು ಮಾಡಿ. ಆಟದಲ್ಲಿ ಬ್ರಹ್ಮಾಂಡದ ರಚನೆ ಆಟಗಾರರಿಗೆ ಮೊದಲು ತಗಲುವುದೇ ಅಲ್ಲಿ: ಒಂದು ಪಾತ್ರ ಸಾಯುತ್ತದೆ, ಉಳಿದವರು “ಈಗ ಅವಳು ಎಲ್ಲಿದ್ದಾಳೆ?” ಅನ್ನುತ್ತಾರೆ. ಆ ಪ್ರಶ್ನೆಗೆ ಉತ್ತರವಿಲ್ಲದ ನಲವತ್ತು ಪುಟ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಬ್ರಹ್ಮಾಂಡದ ಅರ್ಧ ಭಾಗವನ್ನು ನಿಯಮಪುಸ್ತಕ ಆಗಲೇ ಬರೆದುಬಿಟ್ಟಿದೆ. ಐದನೇ ಆವೃತ್ತಿಯಲ್ಲಿ ಸತ್ತವರನ್ನು ಎಬ್ಬಿಸುವ ಮಂತ್ರಗಳನ್ನು ಸಾಲಾಗಿ ಇಟ್ಟು ನೋಡಿ. ‘ರಿವೈವಿಫೈ’ಗೆ ಸತ್ತು ಒಂದು ನಿಮಿಷ ಮೀರಿರಬಾರದು, 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ‘ರೇಸ್ ಡೆಡ್’ಗೆ 10 ದಿನ, 500ರ ವಜ್ರ. ‘ರೆಸರೆಕ್ಷನ್’ಗೆ 100 ವರ್ಷ, 1,000ದ ವಜ್ರ. ‘ಟ್ರೂ ರೆಸರೆಕ್ಷನ್’ಗೆ 200 ವರ್ಷ, 25,000ದ ವಜ್ರ. ಅಂದರೆ ಒಂದು ನಿಮಿಷ, ಹತ್ತು ದಿನ, ನೂರು ವರ್ಷ, ಇನ್ನೂರು ವರ್ಷ ಎಂದು ಆತ್ಮದ ದಾರಿಯಲ್ಲಿ ನಾಲ್ಕು ಗಡಿಗಳಿವೆ. ಒಂದೊಂದು ಗಡಿಯ ಹತ್ತಿರ ಏನಿದೆ ಎಂದು ನೀವು ಬರೆದರೆ ಮಬ್ಬುನಾಡಿನ ನಕ್ಷೆ ಸಿದ್ಧ. ಮೊದಲ ನಿಮಿಷ ಆತ್ಮ ದೇಹದ ಪಕ್ಕದಲ್ಲೇ ನಿಂತಿರುತ್ತದೆ. ಹತ್ತನೇ ದಿನಕ್ಕೆ ಅದು ನದಿ ದಾಟುತ್ತದೆ. ನೂರು ವರ್ಷಕ್ಕೆ ತನ್ನ ಹೆಸರು ಮರೆಯುತ್ತದೆ. ಇನ್ನೂರಕ್ಕೆ ಬೇರೆ ಏನೋ ಆಗುತ್ತದೆ, ಅದು ನಿಮಗೆ ಬಿಟ್ಟಿದ್ದು.

ಸಣ್ಣ ಅಕ್ಷರದ ಷರತ್ತುಗಳನ್ನೂ ಓದಿ, ಅಲ್ಲೇ ರಸ ಇರುವುದು. ‘ಜೆಂಟಲ್ ರಿಪೋಸ್’ ಮಂತ್ರ ಹಾಕಿ ಶವ ಕೊಳೆಯದಂತೆ ಇಟ್ಟರೆ ಆ ದಿನಗಳು ಹತ್ತರ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾದರೆ ಆತ್ಮದ ನಡಿಗೆಗೂ ಶವದ ಸ್ಥಿತಿಗೂ ಏನೋ ನಂಟಿದೆ. ‘ಸ್ಪೀಕ್ ವಿತ್ ಡೆಡ್’ನಲ್ಲಿ ಶವ ಐದು ಪ್ರಶ್ನೆಗೆ ಉತ್ತರಿಸುತ್ತದೆ, ಆದರೆ ಆತ್ಮ ಮರಳಿ ಬರುವುದಿಲ್ಲ. ಹಾಗಾದರೆ ನೆನಪಿನ ಒಂದು ಪ್ರತಿ ಮೂಳೆಮಾಂಸದಲ್ಲೇ ಉಳಿಯುತ್ತದೆ. ‘ರೇಸ್ ಡೆಡ್’ನಿಂದ ಎದ್ದವರಿಗೆ ದಾಳದ ಮೇಲೆ ನಾಲ್ಕು ಅಂಕ ಕಡಿತವಿದೆ, ಪ್ರತಿ ದೀರ್ಘ ವಿಶ್ರಾಂತಿಗೆ ಒಂದೊಂದು ಅಂಕ ಮರಳುತ್ತದೆ. ಅದು ವಾಪಸ್ ನಡೆದು ಬಂದ ದಣಿವು. ಇವನ್ನೆಲ್ಲ ನೀವು ಹೊಸದಾಗಿ ಕಲ್ಪಿಸಬೇಕಿಲ್ಲ, ಕಾರಣ ಕೊಟ್ಟರೆ ಸಾಕು. ಕಾರಣ ಕೊಟ್ಟಾಗ ಆಟಗಾರರು ನಿಯಮವನ್ನು ನಿಯಮ ಎಂದು ನೋಡುವುದು ನಿಲ್ಲಿಸಿ, ಲೋಕದ ಸ್ವಭಾವ ಎಂದು ನೋಡತೊಡಗುತ್ತಾರೆ.

ವಜ್ರ ಯಾಕೆ ಎಂಬುದನ್ನೂ ತೀರ್ಮಾನಿಸಿ. ಮಂತ್ರದಲ್ಲಿ ವಜ್ರ ಸುಟ್ಟುಹೋಗುತ್ತದೆ, ಆದ್ದರಿಂದ ಗಣಿ ಯಾರ ಕೈಲಿದೆಯೋ ಅವರ ಕೈಲಿ ಸಾವು ಬದುಕು ಇದೆ. ಇದೊಂದೇ ಸಂಗತಿಯಿಂದ ಎರಡು ರಾಜ್ಯಗಳ ಯುದ್ಧ ಹುಟ್ಟುತ್ತದೆ.

ಇಪ್ಪತ್ತುಮುಖ:
ಹನ್ನೆರಡು ಲೋಕ ಜಾಸ್ತಿಯಾಯಿತು. ಸಂಖ್ಯೆ ಮೊದಲು ಗೊತ್ತುಮಾಡಿ ಆಮೇಲೆ ತುಂಬಲು ಹೊರಟರೆ ಆರೇಳು ಲೋಕ ಚೆನ್ನಾಗಿ ಬರುತ್ತವೆ, ಉಳಿದವು ಖಾನೆ ತುಂಬಲು ಬರುತ್ತವೆ.

ಇದಕ್ಕೆ ದೊಡ್ಡ ಉದಾಹರಣೆ ಡಿ ಅಂಡ್ ಡಿಯ ಮಹಾಚಕ್ರವೇ (ಗ್ರೇಟ್ ವೀಲ್, ಆ ಆಟದ ಲೋಕಗಳ ನಕ್ಷೆ). 1970ರ ದಶಕದ ಕೊನೆಗೆ ರೂಪುಗೊಂಡ ಆ ರಚನೆಯಲ್ಲಿ ಧರ್ಮ-ಅಧರ್ಮ, ಶಿಸ್ತು-ಅರಾಜಕತೆ ಎಂಬ ಎರಡು ಅಕ್ಷ ಹಾಕಿ, ಪ್ರತಿ ದಿಕ್ಕಿಗೂ ಒಂದು ಲೋಕ, ಎರಡು ದಿಕ್ಕುಗಳ ನಡುವಿನ ಸಂದಿಗೂ ಒಂದು ಲೋಕ ಎಂದು ಪರಿಧಿಯಲ್ಲೇ ಹದಿನಾರು ಆದವು, ನಡುವೆ ಒಂದು ಸೇರಿ ಹದಿನೇಳು. ಸಂದಿಯಲ್ಲಿರುವ ಲೋಕಗಳನ್ನು ನೋಡಿದರೆ ಕೆಲವಕ್ಕೆ ಸ್ವಂತ ಗುರುತೇ ಸಾಲದು, ಪಕ್ಕದ ಎರಡರ ಮಿಶ್ರಣದಂತಿವೆ. 2008ರ ನಾಲ್ಕನೇ ಆವೃತ್ತಿ ಆ ಚಕ್ರವನ್ನೇ ಕೈಬಿಟ್ಟು ಕೆಲವೇ ದೊಡ್ಡ ಪ್ರದೇಶಗಳನ್ನು ಇಟ್ಟುಕೊಂಡಿತು. 2014ರಲ್ಲಿ ಚಕ್ರ ಮರಳಿತು, ಆದರೆ ನಾಲ್ಕನೇ ಆವೃತ್ತಿಯ ಯಕ್ಷಲೋಕ (ಫೇವೈಲ್ಡ್) ಮತ್ತು ನೆರಳಲೋಕ (ಶ್ಯಾಡೋಫೆಲ್) ಉಳಿದುಕೊಂಡವು. ಅವು ಉಳಿಯಲು ಕಾರಣ ಸರಳ: ಮರ್ತ್ಯಲೋಕದ ಪಕ್ಕದಲ್ಲೇ ಇವೆ, ಕಡಿಮೆ ಲೆವೆಲ್‌ನವರೂ ಹೋಗಿಬರಬಹುದು, ಕಾಲಿಟ್ಟ ಕೂಡಲೇ ಸಾಯುವುದಿಲ್ಲ.

ಒಂದು ಲೋಕ ಆಟಕ್ಕೆ ಯೋಗ್ಯವೋ ಎಂದು ನೋಡಲು ಒಂದು ಒರೆಗಲ್ಲು ಇದೆ. ಉಸಿರಾಡಲು ಆಗಬೇಕು, ನಿಲ್ಲಲು ನೆಲವಿರಬೇಕು, ಮಾತಾಡಲು ಯಾರಾದರೂ ಸಿಗಬೇಕು, ಬೇರೆಲ್ಲೂ ಸಿಗದ ವಸ್ತು ಅಲ್ಲಿರಬೇಕು, ಬೇಗ ಹೊರಡಲು ಕಾರಣವೂ ಇರಬೇಕು. ಅಂಚಿಲ್ಲದ ಬೆಂಕಿಯ ಲೋಕ ಮೊದಲ ಮೂರರಲ್ಲೇ ಬೀಳುತ್ತದೆ. ಅದನ್ನೇ ಬೂದಿಯ ದಿಬ್ಬಗಳು, ಲಾವಾದ ನದಿ, ದಿಬ್ಬದ ಮೇಲೊಂದು ಲೋಹ ಕರಗಿಸುವವರ ಪಟ್ಟಣ ಎಂದು ಮಾಡಿದರೆ ಎಲ್ಲದರಲ್ಲೂ ಪಾಸಾಗುತ್ತದೆ. ‘ಶುದ್ಧ ಬೆಂಕಿ’ ಎಂಬ ತತ್ತ್ವ ಬೇಕಿದ್ದರೆ ದಿಗಂತದ ಆಚೆ ಇರಲಿ.

ನನ್ನ ಸಲಹೆ: ಮರ್ತ್ಯ, ಮಬ್ಬುನಾಡು, ಯಕ್ಷಲೋಕ, ಮಾಂತ್ರಿಕ ಶಕ್ತಿ ಹುಟ್ಟುವ ಒಂದು ಲೋಕ. ಈ ನಾಲ್ಕು ಸಾಕು. ಉಳಿದ ಒಂಬತ್ತಕ್ಕೆ ಹೆಸರು ಮಾತ್ರ ಇಟ್ಟುಕೊಳ್ಳಿ.

ಹಸ್ತಪ್ರತಿ:
ಇಪ್ಪತ್ತುಮುಖ ಅವರ ಒರೆಗಲ್ಲು ಒಪ್ಪುತ್ತೇನೆ, ಸಮರೂಪತೆಯ ಬಗೆಗಿನ ಮಾತನ್ನು ಪೂರ್ತಿ ಒಪ್ಪಲಾರೆ. ಚೌಕಟ್ಟು ಇದ್ದರೆ ಆಟಗಾರರಿಗೆ ನೆನಪಿಡುವುದು ಸುಲಭ. ಹನ್ನೆರಡು ಲೋಕ, ಹನ್ನೆರಡು ತಿಂಗಳು, ತಿಂಗಳಿಗೊಂದು ಲೋಕದ ಪ್ರಭಾವ ಎಂದರೆ ಯಾರೂ ಟಿಪ್ಪಣಿ ನೋಡಬೇಕಿಲ್ಲ. ಖಾನೆ ಇದ್ದ ಮಾತ್ರಕ್ಕೆ ಅಲ್ಲಿಗೆ ಪ್ರಯಾಣ ಇರಲೇಬೇಕು ಎಂದೇನಿಲ್ಲ. ಒಂದು ಲೋಕ ಮುಚ್ಚಿಹೋಗಿದೆ, ಅದರ ತಿಂಗಳಲ್ಲಿ ಒಂದು ಬಗೆಯ ಮಂತ್ರ ಕೆಲಸ ಮಾಡುವುದಿಲ್ಲ ಎಂದರೆ ಆ ಖಾಲಿ ಖಾನೆಯೇ ಕಥೆಯಾಗುತ್ತದೆ. ಖಾಲಿ ಕಾಣಿಸಬೇಕಾದರೆ ಮೊದಲು ಚೌಕಟ್ಟು ಇರಬೇಕಲ್ಲ.

ಹನ್ನೆರಡಕ್ಕೆ ಇನ್ನೊಂದು ಬಳಕೆಯೂ ಇದೆ. ಪ್ರಾಚೀನ ಈಜಿಪ್ಟಿನ ಕಲ್ಪನೆಯಲ್ಲಿ ಸೂರ್ಯ ರಾತ್ರಿಯ ಹನ್ನೆರಡು ಗಂಟೆ ಪಾತಾಳದಲ್ಲಿ ದೋಣಿಯಲ್ಲಿ ಸಾಗುತ್ತಾನೆ, ಗಂಟೆಗೊಂದು ಪ್ರದೇಶ, ಗಂಟೆಗೊಂದಿಷ್ಟು ಶತ್ರುಗಳು. ಹನ್ನೆರಡು ಕೋಣೆಯ ಡಂಜನ್ ಇದ್ದ ಹಾಗೇ ಇದೆ, ಹೊರಗೆ ಬೆಳಗಾಗುವಷ್ಟರಲ್ಲಿ ಮುಗಿಸಬೇಕೆಂಬ ಗಡುವೂ ಇದೆ. ಪ್ರಾಚೀನ ಸುಮೇರಿನ ದೇವತೆ ಇನಾನ್ನಾ ಪಾತಾಳಕ್ಕೆ ಇಳಿಯುವಾಗ ಏಳು ದ್ವಾರ, ಪ್ರತಿ ದ್ವಾರದಲ್ಲೂ ಮೈಮೇಲಿನ ಒಂದೊಂದು ವಸ್ತು ತೆಗೆದಿಡಬೇಕು. ಮಬ್ಬುನಾಡಿಗೆ ಜೀವಂತ ಹೋಗುವ ಪಾತ್ರಗಳಿಗೆ ಇದನ್ನು ಇದ್ದಂತೆಯೇ ಹಾಕಬಹುದು: ದ್ವಾರಕ್ಕೊಂದು ಮಾಂತ್ರಿಕ ವಸ್ತು ಬಿಡಬೇಕು, ಯಾವುದನ್ನು ಎಂಬ ಆಯ್ಕೆ ಆಟಗಾರರದು.

ನಕ್ಷತ್ರಪಟ:
ತಟ್ಟೆಲೋಕದ ಬಗ್ಗೆ ಯಾರೂ ಹೇಳಿಲ್ಲ. ಚಪ್ಪಟೆ ಎಂದು ಬರೆದು ಉಳಿದದ್ದೆಲ್ಲ ದುಂಡು ಭೂಮಿಯಂತೆ ನಡೆಸಿದರೆ ಆಟಗಾರರಲ್ಲಿ ಒಬ್ಬರಾದರೂ ಹಿಡಿಯುತ್ತಾರೆ. ಭೌತಶಾಸ್ತ್ರ ಪೂರ್ತಿ ಬೇಕಿಲ್ಲ, ಕಣ್ಣಿಗೆ ಕಾಣುವುದು ಮಾತ್ರ ಸರಿಹೋಗಬೇಕು.

ಮೊದಲನೆಯದು ದೃಷ್ಟಿ. ದುಂಡು ಭೂಮಿಯ ಮೇಲೆ ದಿಗಂತದ ದೂರ ಕಿ.ಮೀ.ಗಳಲ್ಲಿ ಸುಮಾರು 3.57 ಗುಣಿಸು ಕಣ್ಣಿನ ಎತ್ತರದ (ಮೀಟರ್‌ನಲ್ಲಿ) ವರ್ಗಮೂಲ. ನಿಂತವರಿಗೆ 5 ಕಿ.ಮೀ. ಒಳಗೇ, 100 ಮೀಟರ್ ಗೋಪುರದಿಂದ 36 ಕಿ.ಮೀ. ತಟ್ಟೆಲೋಕದಲ್ಲಿ ಈ ಮಿತಿ ಇಲ್ಲ, ಗಾಳಿಯ ಮಬ್ಬು ಮಾತ್ರ ಅಡ್ಡ, ಅತಿ ಶುಭ್ರ ಗಾಳಿಯಲ್ಲಿ ಸುಮಾರು 300 ಕಿ.ಮೀ. ತನಕ ಕಾಣಬಹುದು. 200 ಕಿ.ಮೀ. ದೂರದಲ್ಲಿ 3,000 ಮೀಟರ್ ಎತ್ತರದ ಬೆಟ್ಟ ಇದೆ ಅನ್ನಿ. ನಮ್ಮ ಭೂಮಿಯಲ್ಲಿ ಅಷ್ಟು ದೂರಕ್ಕೆ ವಕ್ರತೆ ಸುಮಾರು 3.1 ಕಿ.ಮೀ. ಮರೆಮಾಡುತ್ತದೆ, ಬೆಟ್ಟ ಪೂರ್ತಿ ಮುಳುಗಿರುತ್ತದೆ. ತಟ್ಟೆಯ ಮೇಲೆ ಅದೇ ಬೆಟ್ಟ 0.86 ಡಿಗ್ರಿ ಎತ್ತರಕ್ಕೆ ಕಾಣುತ್ತದೆ, ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಒಂದೂವರೆ ಪಟ್ಟು ಹೆಚ್ಚು.

ಇದರ ಪರಿಣಾಮ ಯೋಚಿಸಿ. ಹಡಗು ದಿಗಂತದಲ್ಲಿ ಮುಳುಗುವುದಿಲ್ಲ, ಚಿಕ್ಕದಾಗುತ್ತಾ ಮಬ್ಬಿನಲ್ಲಿ ಕರಗುತ್ತದೆ. ರಾತ್ರಿ ಬಯಲಿನಲ್ಲಿ ದಂಡು ಹೊತ್ತಿಸಿದ ಬೆಂಕಿ ನಾಲ್ಕೈದು ದಿನದ ದಾರಿಯಿಂದಲೇ ಗೊತ್ತಾಗುತ್ತದೆ, ಹಾಗಾಗಿ ಹಠಾತ್ ದಾಳಿ ಮಾಡುವವರು ಬೆಟ್ಟದ ಮರೆ, ಕಾಡು, ಮಂಜು ಹುಡುಕಲೇಬೇಕು. ಮಂಜು ಬರಿಸುವ ಮಂತ್ರ ಆ ಲೋಕದಲ್ಲಿ ಬೆಂಕಿಚೆಂಡಿಗಿಂತ ದೊಡ್ಡ ಅಸ್ತ್ರ.

ಎರಡನೆಯದು ಸೂರ್ಯ. ಸೂರ್ಯ ತಟ್ಟೆಯ ಕೆಳಗೆ ಹೋಗಿ ಬರುತ್ತಾನೆ ಎಂದಾದರೆ ಸೂರ್ಯೋದಯ ಇಡೀ ಲೋಕಕ್ಕೆ ಒಂದೇ ಕ್ಷಣದಲ್ಲಿ. ಐದನೇ ಆವೃತ್ತಿಯಲ್ಲಿ ಎಷ್ಟೋ ಮಾಂತ್ರಿಕ ವಸ್ತುಗಳಿಗೆ ಶಕ್ತಿ ಮರಳುವುದು ಮುಂಜಾನೆಗೆ, ಹಾಗಾಗಿ ಇಲ್ಲಿ ಲೋಕದ ಎಲ್ಲ ಮಂತ್ರದಂಡಗಳೂ ಒಟ್ಟಿಗೆ ತುಂಬಿಕೊಳ್ಳುತ್ತವೆ. ಆ ಕ್ಷಣಕ್ಕೆ ಮಾಂತ್ರಿಕ ಶಕ್ತಿಯ ಲೋಕದಲ್ಲಿ ಏನಾಗುತ್ತದೆ ಎಂದು ಕೇಳಿಕೊಳ್ಳಿ, ಒಳ್ಳೆಯ ವಿಷಯ ಸಿಗುತ್ತದೆ.

ಸೂರ್ಯನ ದೂರವೂ ಮುಖ್ಯ. ನಿಮ್ಮ ತಟ್ಟೆಯ ತ್ರಿಜ್ಯ 3,000 ಕಿ.ಮೀ. ಸೂರ್ಯನ ಸುತ್ತುದಾರಿಯ ತ್ರಿಜ್ಯ 6,000 ಎಂದಿಟ್ಟರೆ, ಉದಯಕಾಲದಲ್ಲಿ ಪೂರ್ವದ ಅಂಚಿಗೆ ಅವನು 3,000 ಕಿ.ಮೀ. ಹತ್ತಿರ, ಪಶ್ಚಿಮದ ಅಂಚಿಗೆ 9,000 ದೂರ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ ಪೂರ್ವಕ್ಕೆ ಒಂಬತ್ತು ಪಟ್ಟು ಪ್ರಖರತೆ, ಗಾತ್ರವೂ ಮೂರು ಪಟ್ಟು. ಮುಂಜಾನೆ ಪೂರ್ವದ ಅಂಚು ಬೇಯುತ್ತದೆ, ಸಂಜೆ ಪಶ್ಚಿಮದ್ದು. ಎರಡೂ ಅಂಚು ಮರುಭೂಮಿ, ನಡುವೆ ಹಸಿರು. ಅದು ಬೇಕಿದ್ದರೆ ಇಟ್ಟುಕೊಳ್ಳಿ, ಚೆನ್ನಾಗಿಯೇ ಇದೆ. ಬೇಡವಾದರೆ ಸುತ್ತುದಾರಿಯನ್ನು 60,000ಕ್ಕೆ ಏರಿಸಿ, ವ್ಯತ್ಯಾಸ ಶೇ. 22ಕ್ಕೆ ಇಳಿಯುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಗುರುತ್ವದ ಬಗ್ಗೆ ಒಂದೇ ಮಾತು: “ಎಲ್ಲವೂ ತಟ್ಟೆಯ ಕಡೆಗೆ ಬೀಳುತ್ತದೆ” ಎಂದು ಬರೆದು ಮುಂದೆ ಹೋಗಿ. ನಿಜವಾದ ಸೆಳೆತದ ಲೆಕ್ಕ ಹಾಕಿದರೆ ಭೂಮಿಯ ಸಾಂದ್ರತೆಯ ಇಷ್ಟಗಲದ ತಟ್ಟೆ ಎಷ್ಟೇ ದಪ್ಪ ಇದ್ದರೂ ಭೂಮಿಯಷ್ಟು ಸೆಳೆತ ಬರುವುದಿಲ್ಲ, ಅಂಚಿನ ಕಡೆ ನಡೆದಷ್ಟೂ ಏರು ಹತ್ತಿದಂತೆ ಆಗುತ್ತದೆ. ಆಟಕ್ಕೆ ಅದರಿಂದ ಲಾಭವಿಲ್ಲ.

ಅಂಚಿನೂರು:
ಸೂರ್ಯನನ್ನು ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಎರಡು ಸುಡುವ ಅಂಚುಗಳು ಬಹಳ ಇಷ್ಟವಾದವು. ಚಂದ್ರರಿಗೆ ಅವಧಿ ಇನ್ನೂ ಇಟ್ಟಿಲ್ಲ. 29 ಮತ್ತು 37 ದಿನ ಎಂದು ಯೋಚಿಸಿದ್ದೆ, ಅಷ್ಟು ನಿಖರವಾಗಿದ್ದರೆ ಸಹಜವಾಗಿ ಕಾಣುತ್ತದೆ ಅನ್ನಿಸಿ. ವರ್ಷ 360 ದಿನ.

ನಕ್ಷತ್ರಪಟ:
29 ಮತ್ತು 37 ಬೇಡ. ಎರಡೂ ಅವಿಭಾಜ್ಯ ಸಂಖ್ಯೆಗಳು, ಎರಡು ಹುಣ್ಣಿಮೆ ಒಂದೇ ರಾತ್ರಿ ಬಂದರೆ ಮತ್ತೆ ಅದೇ ಜೋಡಿ ಕರಾರುವಾಕ್ಕಾಗಿ ಕೂಡುವುದು 1,073 ದಿನಕ್ಕೆ. ಹೆಚ್ಚುಕಮ್ಮಿ ಕೂಡುವ ರಾತ್ರಿಗಳು ನಡುವೆ ಬರುತ್ತವೆ, ಆದರೆ ‘ಹೆಚ್ಚುಕಮ್ಮಿ’ ಎಷ್ಟು ಎಂಬ ವಾದ ಸೆಷನ್ ಮಧ್ಯೆ ಶುರುವಾಗುತ್ತದೆ.

24 ಮತ್ತು 40 ಇಟ್ಟು ನೋಡಿ. ವರ್ಷದ ಮೊದಲ ರಾತ್ರಿ ಎರಡೂ ಹುಣ್ಣಿಮೆ. 60ನೇ ದಿನ ಮೊದಲನೆಯದು ಎರಡೂವರೆ ಸುತ್ತು, ಎರಡನೆಯದು ಒಂದೂವರೆ ಸುತ್ತು ಮುಗಿಸಿರುತ್ತವೆ, ಅಂದರೆ ಎರಡೂ ಅಮಾವಾಸ್ಯೆ. 120ಕ್ಕೆ ಮತ್ತೆ ಜೋಡಿ ಹುಣ್ಣಿಮೆ. ಹೀಗೆ 360 ದಿನದ ವರ್ಷದಲ್ಲಿ 0, 120, 240ಕ್ಕೆ ಜೋಡಿ ಹುಣ್ಣಿಮೆ, 60, 180, 300ಕ್ಕೆ ಜೋಡಿ ಅಮಾವಾಸ್ಯೆ. ನಿಮ್ಮ ಬಾಗಿಲು ವರ್ಷಕ್ಕೆ ಮೂರು ಸಲ, ಖಚಿತ ದಿನಗಳಂದು. 30ನೇ ದಿನ ಒಂದು ಕ್ಷೀಣಿಸುವ ಅರ್ಧ, ಇನ್ನೊಂದು ಬೆಳೆಯುವ ಅರ್ಧ. ಒಂದು ಹುಣ್ಣಿಮೆಯಾಗಿರುವಾಗ ಇನ್ನೊಂದು ಅಮಾವಾಸ್ಯೆ ಎಂಬುದು ಈ ಲೋಕದಲ್ಲಿ ಎಂದೂ ಆಗುವುದಿಲ್ಲ, ಅತಿ ಹತ್ತಿರ ಬಂದರೂ ನಾಲ್ಕು ದಿನದ ಅಂತರ ಉಳಿಯುತ್ತದೆ. ಅದು ಆಯಿತೆಂದರೆ ಯಾರೋ ಚಂದ್ರನನ್ನು ಸರಿಸಿದ್ದಾರೆ ಎಂದರ್ಥ.

ವರ್ಷವನ್ನು 365 ದಿನ ಮಾಡಿದರೆ ಇನ್ನೂ ಒಂದು ಪದರ ಸಿಗುತ್ತದೆ. ಬಾಗಿಲಿನ ದಿನ ಪ್ರತಿ ವರ್ಷ 5 ದಿನ ಹಿಂದೆ ಬರುತ್ತದೆ, 24 ವರ್ಷಕ್ಕೆ ಸರಿಯಾಗಿ ಮೊದಲಿನ ದಿನಕ್ಕೇ ಮರಳುತ್ತದೆ. ಒಂದು ತಲೆಮಾರಿನ ಹಿಂದೆ ಸುಗ್ಗಿಗೆ ಬರುತ್ತಿದ್ದ ಬಾಗಿಲು ಈಗ ಮಳೆಗಾಲಕ್ಕೆ ಬರುತ್ತಿದೆ ಎಂದು ಹಿರಿಯರು ಹೇಳುತ್ತಾರೆ. ಲೆಕ್ಕ ಬಲ್ಲವರಿಗೆ ಮಾತ್ರ ಮುಂದಿನ ದಿನ ಗೊತ್ತು, ಆದ್ದರಿಂದ ಪಂಚಾಂಗ ಕದಿಯುವುದೇ ಒಂದು ಸಾಹಸವಾಗಬಹುದು.

ಯಾರಾದರೂ ದುಂಡು ಗ್ರಹದ ಮೇಲೆ ಇದೇ ಅವಧಿಗಳನ್ನು ಬಳಸುವುದಾದರೆ ಒಂದು ಎಚ್ಚರ. ಕೆಪ್ಲರನ ನಿಯಮದಂತೆ ಹೊರಗಿನ ಚಂದ್ರನ ದೂರ ಒಳಗಿನದರ 1.37 ಪಟ್ಟು ಮಾತ್ರ ಆಗುತ್ತದೆ. ನಮ್ಮ ಚಂದ್ರನಷ್ಟು, ಅಂದರೆ ಗ್ರಹದ 81ರಲ್ಲಿ ಒಂದು ಭಾಗದಷ್ಟು ತೂಕದವು ಎರಡು ಅಷ್ಟು ಹತ್ತಿರವಿದ್ದರೆ ಒಂದನ್ನೊಂದು ಎಳೆದು ದಾರಿ ತಪ್ಪಿಸುತ್ತವೆ. ಎರಡೂ ಸೇರಿ ಗ್ರಹದ ಸಾವಿರದಲ್ಲೊಂದು ಭಾಗ ಇದ್ದರೆ ನಿಲ್ಲಬಲ್ಲವು, ಆದರೆ ಆಗ ಸಮುದ್ರದ ಉಬ್ಬರಕ್ಕೆ ಚಂದ್ರರಿಗಿಂತ ಸೂರ್ಯನೇ ದೊಡ್ಡ ಕಾರಣ. ತಟ್ಟೆಲೋಕಕ್ಕೆ ಇದು ಯಾವುದೂ ಅನ್ವಯಿಸುವುದಿಲ್ಲ.

ಬಾಗಿಲುಕಾವಲು:
ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ, ಎಷ್ಟು ಅಗಲ ಎಂದು ಬರೆದಿದ್ದೀರಾ? ಬರೆಯದಿದ್ದರೆ ಯಾರೋ ಒಬ್ಬ ರಾಜ ಅದರಲ್ಲಿ ದಂಡು ಕಳಿಸುತ್ತಾನೆ. ಆಟಗಾರರಿಗೆ ಆ ರಾಜನ ಆಶ್ರಯ ಸಿಕ್ಕ ದಿನವೇ ಇದು ತಲೆಗೆ ಹೊಳೆಯುತ್ತದೆ.

ಲೆಕ್ಕ ಸುಲಭ. ಬಾಗಿಲು ಒಂದು ಮುಹೂರ್ತ, ಅಂದರೆ 48 ನಿಮಿಷ ತೆರೆದಿರುತ್ತದೆ ಎನ್ನಿ. ಒಬ್ಬೊಬ್ಬರಾಗಿ, ಎರಡು ಸೆಕೆಂಡಿಗೊಬ್ಬರಂತೆ ನುಗ್ಗಿದರೆ 1,440 ಜನ. ಆಟದ ಒಂದು ಸುತ್ತಿಗೆ, ಅಂದರೆ 6 ಸೆಕೆಂಡಿಗೆ ಒಬ್ಬರು ಎಂದು ಬಿಗಿ ಮಾಡಿದರೆ 480. ಒಂದು ಗಾಡಿಗೆ ಅರ್ಧ ನಿಮಿಷ ಹಿಡಿದರೆ 96 ಗಾಡಿ. ಮೊದಲನೆಯದು ಯುದ್ಧ ಗೆಲ್ಲಿಸುವ ಸಂಖ್ಯೆ, ಕೊನೆಯದು ವ್ಯಾಪಾರದ ದಿಕ್ಕು ಬದಲಿಸುವ ಸಂಖ್ಯೆ. ಇವೆರಡೂ ಬೇಡವೆಂದರೆ ಹೊತ್ತನ್ನು ಕಡಿಮೆ ಮಾಡುವುದಕ್ಕಿಂತ ಬೆಲೆ ಹಾಕಿ: ದಾಟುವ ಪ್ರತಿಯೊಬ್ಬರೂ ಏನೋ ಕಳೆದುಕೊಳ್ಳುತ್ತಾರೆ. ಹಸ್ತಪ್ರತಿ ಅವರು ಹೇಳಿದ ಏಳು ದ್ವಾರದ ಉಪಾಯ ಇಲ್ಲಿಗೂ ಆಗುತ್ತದೆ. ನಾಲ್ಕು ಜನ ನಾಲ್ಕು ವಸ್ತು ಬಿಟ್ಟು ಹೋಗುತ್ತಾರೆ, ಸಾವಿರ ಸೈನಿಕರ ಕೈಯಿಂದ ಆಯುಧ ಬಿಡಿಸಿ ಕಳಿಸಲು ಯಾವ ಸೇನಾಪತಿಯೂ ಒಪ್ಪುವುದಿಲ್ಲ.

ಇದರ ಜೊತೆ ‘ಪ್ಲೇನ್ ಶಿಫ್ಟ್’ ಮಂತ್ರವನ್ನೂ ನೋಡಿ. ಏಳನೇ ಮಟ್ಟದ ಮಂತ್ರ, ಮಾಂತ್ರಿಕರಿಗೆ 13ನೇ ಲೆವೆಲ್‌ಗೆ ಸಿಗುತ್ತದೆ, ಕೈಹಿಡಿದ ಎಂಟು ಜನರನ್ನು ಕರೆದೊಯ್ಯಬಹುದು. ಅದಕ್ಕೆ ಕನಿಷ್ಠ 250 ಚಿನ್ನದ ನಾಣ್ಯ ಬೆಲೆಯ ಕವೆಗೋಲಿನಂಥ ಲೋಹದ ಸಲಾಕೆ ಬೇಕು, ಅದು ಹೋಗಬೇಕಾದ ಲೋಕಕ್ಕೇ ಶ್ರುತಿಗೊಂಡಿರಬೇಕು. ಈ ಸಲಾಕೆ ನಿಮ್ಮ ಕೈಲಿರುವ ಬೀಗ. ಯಾವ ಲೋಕದ ಸಲಾಕೆಗೆ ಯಾವ ಲೋಹ, ಯಾರು ಮಾಡುತ್ತಾರೆ, ಮಬ್ಬುನಾಡಿನದು ಲೋಕದಲ್ಲಿ ಎಷ್ಟಿವೆ ಎಂದು ಈಗಲೇ ಬರೆದಿಡಿ. 13ನೇ ಲೆವೆಲ್ ತಲುಪಿದ ಮೇಲೆ ಯೋಚಿಸೋಣ ಎಂದರೆ ಆಟಗಾರರು ಅಂಗಡಿಯಲ್ಲಿ ಕೇಳುತ್ತಾರೆ, ನೀವು ಗಡಿಬಿಡಿಯಲ್ಲಿ ಹೂಂ ಅನ್ನುತ್ತೀರಿ, ಬಾಗಿಲಿನ ಮೂರು ರಾತ್ರಿಗಳಿಗೆ ಬೆಲೆಯೇ ಇರುವುದಿಲ್ಲ.

ಈಗ ಕಾಲ. ಯಕ್ಷಲೋಕದಲ್ಲಿ ಕಾಲ ಯಾವ ಕಡೆಗೆ ಬೇರೆ? ಅಲ್ಲಿ ಹತ್ತು ದಿನ ಕಳೆದರೆ ಇಲ್ಲಿ ಒಂದು ದಿನ ಎಂದರೆ ಕೆಟ್ಟಿತು. ಎಂಟು ಗಂಟೆಯ ದೀರ್ಘ ವಿಶ್ರಾಂತಿಗೆ ಇಲ್ಲಿ 48 ನಿಮಿಷ ಸಾಕು. ಆಟಗಾರರು ಪ್ರತಿ ಕಾಳಗದ ನಂತರ ಅಲ್ಲಿಗೆ ಹೋಗಿ ಮಲಗಿ ಬರುತ್ತಾರೆ, ಆಯುಧ ತಯಾರಿ, ಓದು, ಗಾಯ ಮಾಯುವುದು ಎಲ್ಲ ಅಲ್ಲೇ. ಗಡುವಿಗೆ ಹೆದರುವವರೇ ಇರುವುದಿಲ್ಲ. ತಿರುಗಾ ಮಾಡಿ: ಅಲ್ಲಿ ಒಂದು ದಿನ, ಇಲ್ಲಿ 30 ದಿನ. ಆಗ ಒಳಗೆ ಕಾಲಿಡುವುದೇ ಒಂದು ತ್ಯಾಗ. ಭಾಗವತದಲ್ಲಿ ರಾಜ ಕಕುದ್ಮಿ ಮಗಳು ರೇವತಿಯನ್ನು ಕರೆದುಕೊಂಡು, ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಹಾಡು ನಡೆಯುತ್ತಿದೆ, ಮುಗಿಯುವ ತನಕ ಕಾಯುತ್ತಾನೆ. ಕೇಳುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿವೆ, ಅಂದರೆ 11,66,40,000 ವರ್ಷ. ಅವನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದ ವರಗಳು ಯಾರೂ ಉಳಿದಿಲ್ಲ. ಕಾಲಭೇದ ಕಥೆಗೆ ಹೇಗೆ ದುಡಿಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಆದರೆ ತಿರುಗಾ ಮಾಡಿದರೂ ಒಂದು ಸಂದು ಉಳಿಯುತ್ತದೆ. ಶವವನ್ನು ಯಕ್ಷಲೋಕದಲ್ಲಿ ಇಟ್ಟರೆ? ‘ರೇಸ್ ಡೆಡ್’ನ ಹತ್ತು ದಿನವನ್ನು ಅಲ್ಲಿನ ಗಡಿಯಾರದಲ್ಲಿ ಎಣಿಸಿದರೆ ಇಲ್ಲಿನ 300 ದಿನ ಸಿಗುತ್ತದೆ. ಮಬ್ಬುನಾಡಿನ ಗಡಿಯಾರದಲ್ಲಿ ಎಣಿಸಿದರೆ ಏನೂ ಸಿಗುವುದಿಲ್ಲ. ಕಥಾಸಂಚಿ ಅವರು ಹೇಳಿದ ಹಾಗೆ ಶವದ ಸ್ಥಿತಿಯೇ ಮುಖ್ಯವಾದರೆ ಯಕ್ಷರಿಗೆ ಹೆಣ ಕಾಯುವ ದಂಧೆಯೇ ಶುರುವಾಗುತ್ತದೆ. ಎರಡರಲ್ಲಿ ಯಾವುದಾದರೂ ಆಗಬಹುದು, ಮೊದಲೇ ತೀರ್ಮಾನವಾಗಿರಬೇಕು ಅಷ್ಟೇ.

ಹಸ್ತಪ್ರತಿ:
ಪುರಾಣದ ಮಾತು ಬಂದದ್ದರಿಂದ ಹೇಳುತ್ತೇನೆ. ಹದಿನಾಲ್ಕು ಲೋಕಗಳ ಹೆಸರು ಎತ್ತಿಕೊಳ್ಳುವುದಕ್ಕಿಂತ ಅಲ್ಲಿನ ಕಟ್ಟುಪಾಡು ಎತ್ತಿಕೊಂಡರೆ ಆಟಕ್ಕೆ ಹೆಚ್ಚು ಸಿಗುತ್ತದೆ.

ಇಂದ್ರಪದವಿಯನ್ನೇ ನೋಡಿ. ಪ್ರತಿ ಮನ್ವಂತರಕ್ಕೂ ಇಂದ್ರ ಬದಲಾಗುತ್ತಾನೆ. ಈಗಿನ ಏಳನೆಯ ಮನ್ವಂತರದ ಇಂದ್ರ ಪುರಂದರ, ಮುಂದಿನದಕ್ಕೆ ಬಲಿ ಚಕ್ರವರ್ತಿ ಕಾದಿದ್ದಾನೆ, ಸದ್ಯ ಸುತಲ ಎಂಬ ಕೆಳಲೋಕದಲ್ಲಿದ್ದಾನೆ. ದೇವತ್ವ ಒಂದು ಹುದ್ದೆ, ಅದಕ್ಕೆ ಅವಧಿ ಇದೆ, ಮುಂದಿನ ಅಭ್ಯರ್ಥಿ ಯಾರೆಂದು ಎಲ್ಲರಿಗೂ ಗೊತ್ತು, ಅವನು ಅಸುರ. ನಿಮ್ಮ ಹನ್ನೆರಡು ದೇವತೆಗಳಲ್ಲಿ ಒಬ್ಬರ ಅವಧಿ ಮುಗಿಯುತ್ತಿದೆ ಎಂದಿಟ್ಟರೂ ಇಡೀ ಕ್ಯಾಂಪೇನ್‌ಗೆ ಬೆನ್ನೆಲುಬು ಸಿಕ್ಕಿತು.

ಕೆಳಲೋಕ ಎಂದರೆ ನರಕ ಎಂಬ ಸಮೀಕರಣವೂ ಅಲ್ಲಿಲ್ಲ. ವಿಷ್ಣುಪುರಾಣದಲ್ಲಿ ನಾರದ ಪಾತಾಳ ನೋಡಿ ಬಂದು ಸ್ವರ್ಗಕ್ಕಿಂತ ಚೆಂದ ಎನ್ನುತ್ತಾನೆ. ಸ್ವರ್ಗವೂ ಶಾಶ್ವತವಲ್ಲ, ಪುಣ್ಯ ಖರ್ಚಾದ ಮೇಲೆ ಮರ್ತ್ಯಕ್ಕೆ ಇಳಿಯಲೇಬೇಕು. ಪುಣ್ಯ ಖರ್ಚಾಗುವ ವಸ್ತು ಎಂದಾದರೆ ಅದನ್ನು ಸಾಲ ಕೊಡಬಹುದೇ, ಕದಿಯಬಹುದೇ, ಪಣಕ್ಕಿಡಬಹುದೇ ಎಂದು ಆಟಗಾರರು ಕೇಳುತ್ತಾರೆ. ಕೇಳಲಿ, ಉತ್ತರ ಸಿದ್ಧವಿರಲಿ.

ತಟ್ಟೆಲೋಕಕ್ಕೆ ಇನ್ನೊಂದು ಮಾದರಿ: ಜಂಬೂದ್ವೀಪದ ಅಗಲ ಒಂದು ಲಕ್ಷ ಯೋಜನ, ಸುತ್ತ ಅಷ್ಟೇ ಅಗಲದ ಉಪ್ಪಿನ ಸಮುದ್ರ, ಅದರಾಚೆ ಎರಡು ಪಟ್ಟು ಅಗಲದ ದ್ವೀಪ, ಹೀಗೆ ಏಳು ಬಳೆಗಳು, ಪ್ರತಿಯೊಂದೂ ಹಿಂದಿನದರ ದುಪ್ಪಟ್ಟು. ಇದನ್ನು ಕುಗ್ಗಿಸಿ ಮೊದಲ ಬಳೆ 100 ಕಿ.ಮೀ. ಮಾಡಿ. ದಿನಕ್ಕೆ 25 ಕಿ.ಮೀ. ನಡೆದರೆ ದಾಟಲು 4 ದಿನ, ಮುಂದಿನದಕ್ಕೆ 8, ಆಮೇಲೆ 16, 32. ಲೆವೆಲ್ ಏರಿದಂತೆ ಪ್ರಯಾಣ ತಾನಾಗಿಯೇ ಕಠಿಣವಾಗುತ್ತದೆ, ನೀವು ಅಡ್ಡಿ ಹುಡುಕಬೇಕಿಲ್ಲ.

ಹೆಸರುಗಳನ್ನು ಬದಲಿಸಿ. ಜನ ಇಂದಿಗೂ ಪೂಜಿಸುವ ದೇವರಿಗೆ ಅಂಕಪಟ್ಟಿ ಬರೆದು ಕಾಳಗಕ್ಕೆ ಇಳಿಸಿದರೆ ಮೇಜಿನ ಸುತ್ತ ಕೂತವರಲ್ಲಿ ಯಾರಿಗಾದರೂ ನೋವಾಗಬಹುದು. ರಚನೆ ಸಾಕು.

ಇಪ್ಪತ್ತುಮುಖ:
ಮಬ್ಬುನಾಡಿಗೆ ಒಂದು ಲೆಕ್ಕ ಸೇರಿಸುತ್ತೇನೆ. ಲೋಕದ ಜನಸಂಖ್ಯೆ ಒಂದು ಕೋಟಿ, ಸರಾಸರಿ ಆಯುಸ್ಸು 30 ಎಂದರೆ ವರ್ಷಕ್ಕೆ 3.3 ಲಕ್ಷ ಸಾವು, ದಿನಕ್ಕೆ 900ಕ್ಕೂ ಹೆಚ್ಚು. ಮೃತ್ಯುದೇವತೆ ಒಬ್ಬಳೇ ಕೂತು ಎಲ್ಲರ ವಿಚಾರಣೆ ನಡೆಸಿದರೆ ತಲೆಗೆ ಒಂದೂವರೆ ನಿಮಿಷ, ಅದೂ ಬಿಡುವಿಲ್ಲದೆ. ಹಾಗಾಗಿ ಅವಳಿಗೆ ಗುಮಾಸ್ತರು ಬೇಕು, ಗುಮಾಸ್ತರಿದ್ದಲ್ಲಿ ಕಡತ, ಕಡತ ಇದ್ದಲ್ಲಿ ತಪ್ಪು ಹೆಸರು. ದೊಡ್ಡ ಯುದ್ಧವಾದ ವಾರ ಸಾಲು ಬೆಳೆಯುತ್ತದೆ, ಸಾಲಿನಲ್ಲಿ ನಿಂತ ಆತ್ಮ ಇನ್ನೂ ನದಿ ದಾಟಿಲ್ಲ, ಹತ್ತು ದಿನ ಮೀರಿದರೂ ಎಬ್ಬಿಸಬಹುದೇನೋ.

ಆತ್ಮಗಳ ಒಟ್ಟು ಸಂಖ್ಯೆ ಸ್ಥಿರವೇ ಎಂಬುದನ್ನೂ ನಿರ್ಧರಿಸಿ. ಸ್ಥಿರವಾಗಿದ್ದು ಜನಸಂಖ್ಯೆ ದುಪ್ಪಟ್ಟಾದರೆ ಹೊಸ ಮಕ್ಕಳಲ್ಲಿ ಯಾರ ಆತ್ಮ ಇದೆ ಎಂಬ ಪ್ರಶ್ನೆ ತಪ್ಪಿಸಲಾಗದು.

ಅಂಚಿನೂರು:
ಇಷ್ಟು ಬದಲಿಸಿದೆ. ಚೌಕಟ್ಟು ಹನ್ನೆರಡೇ, ತಿಂಗಳಿಗೊಂದು, ಆದರೆ ಹೋಗಬಹುದಾದವು ಮೂರು, ಮುಚ್ಚಿಹೋದದ್ದು ಒಂದು. ಚಂದ್ರರು 24 ಮತ್ತು 40, ವರ್ಷ 365. ಬಾಗಿಲು ಒಂದು ಮುಹೂರ್ತ, ದಾಟಲು ಒಂದು ವಸ್ತು ಬಿಡಬೇಕು. ಯಕ್ಷಲೋಕದ ಒಂದು ದಿನಕ್ಕೆ ಇಲ್ಲಿ 30. ಸತ್ತವರ ಹತ್ತು ದಿನ ಶವ ಎಲ್ಲಿದೆಯೋ ಅಲ್ಲಿನ ಗಡಿಯಾರದಂತೆ, ಹೆಣ ಕಾಯುವ ಯಕ್ಷರು ಬೇಕೇ ಬೇಕು. ಮಬ್ಬುನಾಡಿನ ಮೃತ್ಯುದೇವತೆಯ ಅವಧಿ ಮುಗಿಯಲು 24 ವರ್ಷದ ಒಂದು ಸುತ್ತು ಬಾಕಿ.

ಉಳಿದದ್ದು ಒಂದು: ಇದನ್ನೆಲ್ಲ ಆಟಗಾರರಿಗೆ ತಿಳಿಸುವುದು ಹೇಗೆ? ಮೊದಲೇ ಎರಡು ಪುಟ ಕೊಡಲೇ?

ಕಥಾಸಂಚಿ:
ಕೊಡಬೇಡಿ. ನಿಮ್ಮ ಕೈಲಿರುವ ಸತ್ಯ ಒಂದು ಪುಟದಲ್ಲಿ ನಿಮ್ಮ ಬಳಿಯೇ ಇರಲಿ. ಆಟಗಾರರಿಗೆ ಸಿಗಬೇಕಾದದ್ದು ಆ ಲೋಕದ ಜನ ನಂಬಿರುವುದು, ಅದೂ ಮೂರು ಬಗೆಯಲ್ಲಿ, ಪಾತ್ರಕ್ಕೆ ತಕ್ಕಂತೆ ನಾಲ್ಕೈದು ಸಾಲು.

ಮೂರೂ ಅರ್ಧ ಸರಿ ಇರಬೇಕು, ಗುಟ್ಟು ಅದೇ. ಬಾಗಿಲನ್ನೇ ತೆಗೆದುಕೊಳ್ಳಿ. ದೇವಾಲಯದವರು ಹೇಳುವುದು: ಮೃತ್ಯುದೇವತೆ ಎರಡು ಕಣ್ಣು ಮುಚ್ಚಿದ ರಾತ್ರಿ ಬಾಗಿಲು ತೆರೆಯುತ್ತದೆ, ಆಗ ಮನೆಯಿಂದ ಹೊರಬರಬಾರದು. ನಾವಿಕರು ಹೇಳುವುದು: ನೂರಿಪ್ಪತ್ತು ರಾತ್ರಿಗೊಮ್ಮೆ, ಗಂಟು ಹಾಕಿದ ಹಗ್ಗದಲ್ಲಿ ಎಣಿಸಿ. ಹೊಲದವರು ಹೇಳುವುದು: ಸುಗ್ಗಿ ಮುಗಿದ ಮೂರನೇ ದಿನ, ಅಜ್ಜನ ಕಾಲದಿಂದಲೂ ಹಾಗೇ. ದೇವಾಲಯದವರಿಗೆ ಸರಿಯಾದ ರಾತ್ರಿ ಗುರುತಾಗುತ್ತದೆ, ಮೊದಲೇ ಹೇಳಲು ಬರುವುದಿಲ್ಲ. ನಾವಿಕರಿಗೆ ಮೊದಲೇ ಹೇಳಲು ಬರುತ್ತದೆ, ಮೋಡವಿದ್ದರೂ ಲೆಕ್ಕ ಸಿಗುತ್ತದೆ, ಆದರೆ ಒಂದು ಗಂಟು ತಪ್ಪಿದರೆ ಎಲ್ಲ ತಪ್ಪು. ಹೊಲದವರ ಮಾತು 24 ವರ್ಷಕ್ಕೊಮ್ಮೆ ಮಾತ್ರ ನಿಜ. ಪಾದ್ರಿ ಪಾತ್ರಕ್ಕೆ ಮೊದಲನೆಯದು, ಕಳ್ಳ ಹಡಗಿನವನಾಗಿದ್ದರೆ ಎರಡನೆಯದು, ಹಳ್ಳಿಯಿಂದ ಬಂದವಳಿಗೆ ಮೂರನೆಯದು ಬರೆದುಕೊಡಿ. ಮೊದಲ ಸೆಷನ್ ಅನ್ನು ವರ್ಷದ 50ನೇ ದಿನದ ಹೊತ್ತಿಗೆ ಇಡಿ, ಬಾಗಿಲಿಗೆ ಹತ್ತೇ ದಿನ. ಅವರವರಲ್ಲೇ ವಾದ ಶುರುವಾಗುತ್ತದೆ.

ಜ್ಞಾನಪರೀಕ್ಷೆಯ ದಾಳ ಹಾಕಿದಾಗಲೂ ಹಾಗೇ ಮಾಡಿ. ಅಂಕ 10 ದಾಟಿದರೆ ಒಂದು ನಂಬಿಕೆ, 15 ದಾಟಿದರೆ ಇನ್ನೊಂದು ನಂಬಿಕೆ ಮತ್ತು ಅವೆರಡೂ ಎಲ್ಲಿ ಹೊಂದುವುದಿಲ್ಲ ಎಂಬುದು, 20 ದಾಟಿದರೆ ಪರೀಕ್ಷಿಸಿ ನೋಡುವ ಒಂದು ವಿಧಾನ. ಸತ್ಯವನ್ನು ದಾಳಕ್ಕೆ ಕೊಡಬೇಡಿ, ಅದನ್ನು ಅವರು ಬಾಗಿಲ ಮುಂದೆ ನಿಂತೇ ಕಂಡುಕೊಳ್ಳಲಿ. ಮತ್ತೆ ನೀವು ಬರೆದ ಪುಟದಲ್ಲಿ ಆಟಗಾರರು ಪರೀಕ್ಷಿಸಬಹುದಾದ ಸಂಖ್ಯೆಗಳಿಗೆ ಅಡಿಗೆರೆ ಹಾಕಿ: 24, 40, 30, 10, ಒಂದು ಮುಹೂರ್ತ. ಆಟದ ನಡುವೆ ಬೇರೆ ಏನು ಬೇಕಾದರೂ ಬದಲಿಸಬಹುದು, ಇವನ್ನು ಒಮ್ಮೆ ಬಳಸಿದ ಮೇಲೆ ಬದಲಿಸುವಂತಿಲ್ಲ.